ಚೌಕದ ಗುರುತಿನ ಹಾವು ಕಡಿತದ ಬ್ಯಾಂಡೇಜು: ಆಸ್ಟ್ರೇಲಿಯಾದಲ್ಲಿ ಮನೆ ಮಾಡುವವರು ಮೊದಲ ವಾರವೇ ಕೊಳ್ಳಬೇಕಾದದ್ದು

ಬ್ರಿಸ್ಬೇನ್, ಸಿಡ್ನಿ, ಮೆಲ್ಬರ್ನ್‌ಗಳ ಅಂಚಿನ ಹೊಸ ಬಡಾವಣೆಗಳಲ್ಲಿ ಮನೆ ಮಾಡುವ ಕನ್ನಡದ ಕುಟುಂಬಗಳು ಹಾವಿನ ವಿಷಯಕ್ಕೆಂದು ಒಂದೇ ಒಂದು ವಸ್ತು ಕೊಳ್ಳುವುದಾದರೆ ಅದು ಎಳೆತದ ಗುರುತಿರುವ ಅಗಲ ಬ್ಯಾಂಡೇಜು. ಔಷಧಿ ಅಂಗಡಿಯಲ್ಲೂ ಸಿಗುತ್ತದೆ, ಕ್ಯಾಂಪಿಂಗ್ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ಸಾದಾ ಕ್ರೇಪ್ ಬ್ಯಾಂಡೇಜಿಗಿಂತ ಬೆಲೆ ಹೆಚ್ಚು. ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ಸುತ್ತಲು ಬಾರದವರ ಕೈಯಲ್ಲಿ ಅದು ಬರೀ ಬಟ್ಟೆ.

ಊರಿನಲ್ಲಿ ಇಲ್ಲದ ಈ ಬ್ಯಾಂಡೇಜು ಇಲ್ಲಿ ಯಾಕೆ? ಆಸ್ಟ್ರೇಲಿಯಾದ ನೆಲದ ಮೇಲಿನ ಅಪಾಯಕಾರಿ ಹಾವುಗಳೆಲ್ಲ ನಾಗರಹಾವು, ಕಟ್ಟುಹಾವುಗಳ ಕುಟುಂಬದವು. ಮಂಡಲದ ಹಾವು ಈ ಖಂಡದಲ್ಲಿಲ್ಲ. ಇಲ್ಲಿನ ಹಾವುಗಳ ವಿಷ ಕಚ್ಚಿದ ಜಾಗದಿಂದ ಹೆಚ್ಚಾಗಿ ದುಗ್ಧರಸದ (ಲಿಂಫ್) ನಾಳಗಳ ಮೂಲಕ ಮೈಯೊಳಗೆ ಸಾಗುತ್ತದೆ. ಆ ನಾಳಗಳಿಗೆ ಹೃದಯದಂಥ ಪಂಪಿಲ್ಲ, ನಾವು ಕಾಲಾಡಿಸಿದಾಗ ಸ್ನಾಯು ಹಿಂಡಿದಂತೆ ರಸ ಮೇಲೇರುತ್ತದೆ. ಇಡೀ ಕಾಲಿಗೆ ಹದವಾಗಿ ಒತ್ತಿ ಸುತ್ತಿ, ಅಲ್ಲಾಡದಂತೆ ಕಟ್ಟಿಟ್ಟರೆ ವಿಷ ಅಲ್ಲೇ ನಿಧಾನಿಸುತ್ತದೆ. ಮೆಲ್ಬರ್ನಿನ ಕಾಮನ್‌ವೆಲ್ತ್ ಸೀರಮ್ ಲ್ಯಾಬೊರೇಟರೀಸ್‌ನಲ್ಲಿದ್ದ ವಿಷ ಸಂಶೋಧಕ ಸ್ಟ್ರುವಾನ್ ಸದರ್ಲೆಂಡ್ 1970ರ ದಶಕದ ಕೊನೆಯಲ್ಲಿ ರೂಪಿಸಿದ ವಿಧಾನ ಇದು. ಈ ದೇಶದಲ್ಲಿ ವರ್ಷಕ್ಕೆ ಸುಮಾರು 3000 ಹಾವು ಕಡಿತ, ಸಾವು ಸರಾಸರಿ ಎರಡರ ಆಸುಪಾಸು. ಸಾವು ಇಷ್ಟು ಕಡಿಮೆ ಇರುವುದರಲ್ಲಿ ಪ್ರತಿವಿಷ ಮತ್ತು ಆಂಬುಲೆನ್ಸಿನ ಜೊತೆಗೆ ಈ ಸುತ್ತುಪಟ್ಟಿಗೂ ಪಾಲಿದೆ.

ನಮ್ಮವರು ಎಡವುವುದು ಗುರುತು ಹಿಡಿಯುವಲ್ಲಿ. ಇಲ್ಲಿ ಅತಿ ಹೆಚ್ಚು ಸಾವಿಗೆ ಕಾರಣವಾಗುವ ಈಸ್ಟರ್ನ್ ಬ್ರೌನ್ ಹಾವು ತೆಳ್ಳಗೆ, ಕಂದು ಬಣ್ಣಕ್ಕೆ, ಚುರುಕಾಗಿ, ಹೆಡೆಯಿಲ್ಲದೆ ಇರುತ್ತದೆ. ಊರಿನ ಕಣ್ಣಿಗೆ ಅದು ಅಪ್ಪಟ ಕೇರೆ ಹಾವು. 'ಕೇರೆ ತಾನೆ, ಏನೂ ಮಾಡಲ್ಲ' ಎಂದು ಕೋಲಿನಿಂದ ಓಡಿಸಲು ಹೋದಾಗಲೇ ಅಪಾಯ. ಅದರ ಹಲ್ಲು 3 ಮಿಲಿಮೀಟರ್ ಆಸುಪಾಸು, ಅಷ್ಟೆ. ಕಚ್ಚಿದ್ದು ಮುಳ್ಳು ಗೀರಿದಂತೆ ಕಾಣಬಹುದು, ನೋವು, ಊತ ಏನೂ ಇಲ್ಲದಿರಬಹುದು. ಆದರೆ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ, ಕೆಲವರು ಗಂಟೆಯೊಳಗೇ ಕುಸಿದು ಬೀಳುತ್ತಾರೆ. ಆದ್ದರಿಂದ ನೋವಿದೆಯೋ ಇಲ್ಲವೋ, ಯಾವ ಹಾವು ಎಂದು ನೋಡದೆ ಸುತ್ತಬೇಕು. ಕೊಲ್ಲಲು ಹೋಗಬೇಡಿ, ಫೋಟೋಗೂ ಬೆನ್ನು ಹತ್ತಬೇಡಿ. ಇಲ್ಲಿನ ಹಾವುಗಳಿಗೆ ಕಾನೂನಿನ ರಕ್ಷಣೆಯೂ ಇದೆ.

ಕೊಳ್ಳುವಾಗ ನೋಡಬೇಕಾದದ್ದು ಅಗಲ, ಉದ್ದ, ಗುರುತು. ಅಗಲ 10ರಿಂದ 15 ಸೆಂಟಿಮೀಟರ್ ಇರಲಿ. ಪ್ರಥಮ ಚಿಕಿತ್ಸೆಯ ಡಬ್ಬಿಗಳಲ್ಲಿ ಬರುವ 5 ಅಥವಾ 7.5 ಸೆಂಟಿಮೀಟರಿನ ತೆಳು ಬಿಳಿ ಕ್ರೇಪ್ ಇದಕ್ಕೆ ಆಗದು, ಸುತ್ತಿದ ಕೆಲವೇ ನಿಮಿಷಕ್ಕೆ ಸಡಿಲಾಗುತ್ತದೆ. ಉದ್ದ ಎಳೆದಾಗ ಎಷ್ಟು, ಎಳೆಯದೆ ಎಷ್ಟು ಎಂದು ಪೊಟ್ಟಣದ ಮೇಲೆ ಓದಿ. 10 ಮೀಟರ್ ದಾಟುವವೂ ಸಿಗುತ್ತವೆ, ದೊಡ್ಡವರ ಕಾಲನ್ನು ಬೆರಳಿನಿಂದ ತೊಡೆಸಂದಿಯವರೆಗೆ ಮುಚ್ಚಲು ಅಂಥದ್ದೇ ಬೇಕು. ನಾಲ್ಕೂವರೆ ಮೀಟರಿನದಾದರೆ ಮೂರು ಇಟ್ಟುಕೊಳ್ಳಿ. ಗುರುತಿನ ಲೆಕ್ಕ ಸರಳ: ಬಟ್ಟೆಯ ಮೇಲೆ ಉದ್ದಕ್ಕೂ ಆಯತಗಳನ್ನು ಅಚ್ಚು ಹಾಕಿರುತ್ತಾರೆ, ಹದಕ್ಕೆ ಎಳೆದಾಗ ಆಯತ ಚೌಕವಾಗುತ್ತದೆ. ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಸಡಿಲಾಗಿ ಸುತ್ತುವುದು. ಆ ಚೌಕ ಅದನ್ನು ತಪ್ಪಿಸುತ್ತದೆ, ಇದರ ಹೆಚ್ಚಿನ ಬೆಲೆಗೆ ಸಮರ್ಥನೆಯೂ ಅದೇ.

ಇದಕ್ಕೊಂದು ಮಿತಿಯೂ ಇದೆ, ಪೊಟ್ಟಣ ಹೇಳುವುದಿಲ್ಲ. ಚೌಕ ತೋರಿಸುವುದು ಎಳೆತವನ್ನು, ಒತ್ತಡವನ್ನಲ್ಲ. ಅದೇ ಎಳೆತ ಸಣ್ಣ ಮಣಿಕಟ್ಟಿನ ಮೇಲೆ ಹೆಚ್ಚು ಒತ್ತುತ್ತದೆ, ದಪ್ಪ ತೊಡೆಯ ಮೇಲೆ ಕಡಿಮೆ. ಬಿಪಿ ಅಳೆಯುವ ಲೆಕ್ಕದಲ್ಲಿ ಹೇಳುವುದಾದರೆ ಕೈಗೆ 40ರಿಂದ 70, ಕಾಲಿಗೆ 55ರಿಂದ 70 ಮಿಲಿಮೀಟರ್ ಪಾದರಸದ ಒತ್ತಡ ಬೇಕು. ಮಕ್ಕಳ ಕೈಗೆ ಸುತ್ತುವಾಗ ಚೌಕದ ಜೊತೆಗೆ ಉಗುರನ್ನೂ ನೋಡಿ: ಒತ್ತಿ ಬಿಟ್ಟಾಗ ಬಿಳಿಚಿದ ಉಗುರು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಬೆರಳು ನೀಲಿಯಾದರೆ, ಜೋಮು ಹಿಡಿದರೆ ಅತಿ ಬಿಗಿಯಾಗಿದೆ. ಕಾಲು ಉಳುಕಿದಾಗ ಕಟ್ಟುವ ಬಿಗಿಯೇ ಹದ. ಹಗ್ಗ ಕಟ್ಟಿದಂತೆ ರಕ್ತ ನಿಲ್ಲಿಸುವುದಲ್ಲ.

ಸುತ್ತುವ ಕ್ರಮ ಹೀಗೆ. ಕಚ್ಚಿಸಿಕೊಂಡವರು ಇದ್ದಲ್ಲೇ ಮಲಗಲಿ, ಹತ್ತು ಹೆಜ್ಜೆಯೂ ನಡೆಯುವುದು ಬೇಡ. ಇನ್ನೊಬ್ಬರಿದ್ದರೆ ಅವರು ಇಲ್ಲಿನ ತುರ್ತು ಸಂಖ್ಯೆ 000ಕ್ಕೆ ಕರೆ ಮಾಡಲಿ. ಒಬ್ಬರೇ ಇದ್ದರೆ ಮೊದಲು ಕರೆ, ಸ್ಪೀಕರ್ ಹಾಕಿ ಆಮೇಲೆ ಸುತ್ತುವುದು. ಗಾಯ ತೊಳೆಯಬೇಡಿ, ಚರ್ಮದ ಮೇಲೆ ಉಳಿದ ವಿಷ ಆಸ್ಪತ್ರೆಯವರಿಗೆ ಹಾವಿನ ಗುಂಪು ಪತ್ತೆಹಚ್ಚಲು ನೆರವಾಗಬಹುದು. ಕೊಯ್ಯುವುದು, ಹೀರುವುದು, ಅರಿಸಿನ ಹಚ್ಚುವುದು ಯಾವುದೂ ಬೇಡ. ಪ್ಯಾಂಟು ಬಿಚ್ಚಲು ಹೋದರೆ ಕಾಲಾಡುತ್ತದೆ, ಅದರ ಮೇಲೆಯೇ ಸುತ್ತಿ. ಸೀರೆ, ಪಂಚೆಯ ನೆರಿಗೆ ಮಾತ್ರ ಮೆಲ್ಲಗೆ ಮೇಲೆ ಸರಿಸಿ, ಇಲ್ಲದಿದ್ದರೆ ನೆರಿಗೆಯ ಸಂದಿನಲ್ಲಿ ಒತ್ತಡ ಕೂರುವುದಿಲ್ಲ. ಕಾಲುಂಗುರ, ಕಾಲ್ಗೆಜ್ಜೆ, ಬಳೆ ಸಲೀಸಾಗಿ ಬರುವಂತಿದ್ದರೆ ತೆಗೆದುಬಿಡಿ.

ಎರಡು ಬ್ಯಾಂಡೇಜಿದ್ದರೆ ಮೊದಲನೆಯದು ಕಚ್ಚಿದ ಜಾಗದ ಮೇಲೆ. ಎರಡನೆಯದನ್ನು ಕಾಲ್ಬೆರಳಿನ ಬುಡದಿಂದ ಶುರುಮಾಡಿ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ ಮೇಲಕ್ಕೆ ತೊಡೆಯ ಬುಡದವರೆಗೆ ಒಯ್ಯಿರಿ. ಒಂದೇ ಇದ್ದರೆ ಬೆರಳಿನಿಂದಲೇ ಆರಂಭ. ಉಗುರುಗಳು ಕಾಣುವಂತೆ ಬಿಡಿ. ಕಚ್ಚಿದ ಜಾಗದ ನೇರಕ್ಕೆ ಬ್ಯಾಂಡೇಜಿನ ಮೇಲೆ ಪೆನ್ನಿನಲ್ಲಿ ಗುಂಡಗೆ ಗುರುತು ಹಾಕಿ, ಹೊತ್ತು ಬರೆಯಿರಿ. ಆಮೇಲೆ ಕಾಲಿಗೆ ದಬ್ಬೆ ಕಟ್ಟಬೇಕು. ಮಡಿಚಿದ ರಟ್ಟು, ಕ್ರಿಕೆಟ್ ಸ್ಟಂಪು, ಏನೂ ಇಲ್ಲದಿದ್ದರೆ ಇನ್ನೊಂದು ಕಾಲಿಗೇ ಸೇರಿಸಿ ಕಟ್ಟಿದರೂ ಆಯಿತು. ದಬ್ಬೆಯನ್ನು ಹಲವರು ಬಿಟ್ಟುಬಿಡುತ್ತಾರೆ. ಕಾಲಾಡುತ್ತಿದ್ದರೆ ಎಂಥ ದುಬಾರಿ ಬ್ಯಾಂಡೇಜು ಸುತ್ತಿದ್ದರೂ ಕೆಲಸ ಅರ್ಧಂಬರ್ಧ. ಕತ್ತು, ಬೆನ್ನು, ಹೊಟ್ಟೆಗೆ ಕಚ್ಚಿದ್ದರೆ ಸುತ್ತಲಾಗದು, ಉಸಿರಿಗೆ ತೊಂದರೆಯಾಗದಂತೆ ಆ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಆಂಬುಲೆನ್ಸ್ ಬಂದ ಮೇಲೂ ಬಿಚ್ಚುವುದು ನಿಮ್ಮ ಕೆಲಸವಲ್ಲ. ಆಸ್ಪತ್ರೆಯಲ್ಲಿ ಪ್ರತಿವಿಷಕ್ಕೆ ಸಜ್ಜಾಗಿ ವೈದ್ಯರೇ ಬಿಚ್ಚುತ್ತಾರೆ.

ಇದೇ ಪಟ್ಟಿ ಫನಲ್ ವೆಬ್ ಜೇಡಕ್ಕೂ ನಡೆಯುತ್ತದೆ. ಕೆಂಪು ಬೆನ್ನಿನ ರೆಡ್‌ಬ್ಯಾಕ್ ಜೇಡಕ್ಕೆ ಬೇಡ, ನೋವು ಹೆಚ್ಚುತ್ತದೆ.

ಬ್ಯಾಂಡೇಜಿನ ಕೊರತೆಗಳು: ಜೊತೆಗೆ ಬರುವ ಹಲ್ಲಿನ ಲೋಹದ ಕ್ಲಿಪ್ಪು ಗಾಬರಿಯಲ್ಲಿ ಕಳಚಿ ಹುಲ್ಲಿನಲ್ಲಿ ಕಳೆದುಹೋಗುತ್ತದೆ, ಡಬ್ಬಿಯಲ್ಲಿ ಒಂದು ಅಂಟುಪಟ್ಟಿ ಇಡಿ. ಅಭ್ಯಾಸ ಮಾಡಿದ ಮೇಲೆ ತಿರುಗುಮುರುಗು ಸುತ್ತಿಟ್ಟರೆ ಬೇಕಾದಾಗ ಚೌಕಗಳು ಒಳಮುಖಕ್ಕೆ ಹೋಗಿರುತ್ತವೆ. ಅಭ್ಯಾಸಕ್ಕೇ ಒಂದು, ಡಬ್ಬಿಗೆ ಎರಡು ಎಂದು ಬೇರೆ ಇಡುವುದು ಒಳ್ಳೆಯದು. ಬೇಸಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಎಲಾಸ್ಟಿಕ್ ಸಾಯುತ್ತದೆ. ಎಳೆದು ಬಿಟ್ಟಾಗ ಮೊದಲಿನ ಉದ್ದಕ್ಕೆ ಮರಳದಿದ್ದರೆ ಎಸೆದು ಹೊಸದು ತನ್ನಿ. ಹೀರುವ ಪಂಪು, ಬ್ಲೇಡು ಇರುವ ಕಿಟ್ ಎಲ್ಲಿಯೇ ಕಂಡರೂ ಮುಟ್ಟಬೇಡಿ. ನೆಲ ನಡುಗಿಸಿ ಹಾವು ಓಡಿಸುತ್ತದೆನ್ನುವ ಸೋಲಾರ್ ಕಡ್ಡಿಗೆ ಹಾಕುವ ದುಡ್ಡಿನಲ್ಲಿ ಇನ್ನೊಂದು ಬ್ಯಾಂಡೇಜೂ, ಬಾಗಿಲಡಿಯ ಸಂದು ಮುಚ್ಚುವ ರಬ್ಬರ್ ಪಟ್ಟಿಯೂ ಬರುತ್ತವೆ.

ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮನಿಗೆ ಇದನ್ನು ಮೊದಲು ತೋರಿಸಿ. ಹಗಲು ಮನೆಯಲ್ಲಿರುವವರು, ಬರಿಗಾಲಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುವವರು ಅವರೇ. 000 ಎತ್ತಿದವರು ಪೊಲೀಸ್, ಫೈರ್, ಆಂಬುಲೆನ್ಸ್ ಯಾವುದು ಎಂದು ಕೇಳುತ್ತಾರೆ. 'ಆಂಬುಲೆನ್ಸ್, ಸ್ನೇಕ್ ಬೈಟ್' ಎಂದಷ್ಟು ಹೇಳಿ, 'ಕನ್ನಡ' ಎಂದು ಭಾಷೆಯ ಹೆಸರು ಹೇಳಿ ದುಭಾಷಿ ಕೇಳಬಹುದು. ಮನೆಯ ವಿಳಾಸವನ್ನು ಕನ್ನಡ ಲಿಪಿಯಲ್ಲಿ ಬರೆದು ಬ್ಯಾಂಡೇಜಿನ ಡಬ್ಬಿಗೇ ಅಂಟಿಸಿ, ಡಬ್ಬಿ ಹಿತ್ತಲ ಬಾಗಿಲ ಪಕ್ಕದಲ್ಲಿರಲಿ.

ರಜೆಗೆ ಊರಿಗೆ ಹೋಗುವಾಗ ಮಾತ್ರ ಇದನ್ನು ಜೊತೆಗೆ ಒಯ್ದು ತೋಟದ ಮನೆಯಲ್ಲಿಡಬೇಡಿ. ಕೊಳಕುಮಂಡಲದಂಥ ಹಾವಿನ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ, ಅದನ್ನು ಬಿಗಿದು ಅಲ್ಲೇ ಹಿಡಿದಿಟ್ಟರೆ ಆ ಹಾನಿ ಹೆಚ್ಚಬಹುದು. ಅಲ್ಲಿ ಕೈಕಾಲು ಅಲ್ಲಾಡದಂತೆ ದಬ್ಬೆ ಕಟ್ಟಿ, 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆಗೆ ನೇರ ಒಯ್ಯುವುದಷ್ಟೆ.