ಮಂಚ ಮಾಡಿಸುವವರು ಪಾಲಿಶ್‌ಗೆ ಮೊದಲು ಒಮ್ಮೆ ಹೋಗಿ ನೋಡಿ

ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೂ ಬರೆಯುತ್ತಿದ್ದೇನೆ. 68,000 ರೂಪಾಯಿ ಕೊಟ್ಟು ಮೋಸ ಹೋದೆ. ಅದೂ ಮರದ ಬಗ್ಗೆ ನಾಲ್ಕು ಮಾತು ಗೊತ್ತು ಅಂತ ಬೀಗುತ್ತಿದ್ದ ನಾನು!

ಊರಲ್ಲಿ ಅಜ್ಜಿಯ ಹಲಸಿನ ಮಂಚ ಇದೆ. ಹುಡುಕಿದರೂ ಒಂದು ಕಬ್ಬಿಣದ ಮೊಳೆ ಸಿಗಲ್ಲ. ಪಟ್ಟಿಯ ತುದಿಯನ್ನು ನಾಲಿಗೆ ಥರ ಕೊರೆದು, ಕಾಲಿನ ತೂತಲ್ಲಿ ಆಚೆ ಬದಿವರೆಗೂ ತೂರಿಸಿ, ಮರದ ಗೂಟ ಹೊಡೆದಿದ್ದಾರೆ. ಯಾವ ಪಟ್ಟಿ ಯಾವ ಕಾಲಿಗೆ ಅಂತ ಗೊತ್ತಾಗಲು ಉಳಿಯಲ್ಲಿ ಒಂದು ಗೀರು, ಎರಡು ಗೀರು, ಮೂರು ಗೀರು. ಬಿಚ್ಚಿ ಸಾಗಿಸಿ, ಗೀರು ನೋಡಿ ಮತ್ತೆ ಜೋಡಿಸಬಹುದು. ಇದರ ಫೋಟೋ ತೋರಿಸಿ, ಬೆಂಗಳೂರಿನ ಒಂದು ವರ್ಕ್‌ಶಾಪಲ್ಲಿ ತೇಗದಲ್ಲಿ ಇದೇ ಥರ ಬೇಕು ಅಂದೆ.

"ಅದಕ್ಕೇನ್ ಸಾರ್, ನಮ್ಮಪ್ಪ ಇದನ್ನೇ ಮಾಡ್ತಿದ್ರು."

ಆ ಒಂದು ಮಾತಿಗೆ ಬಿದ್ದುಬಿಟ್ಟೆ. 40,000 ಅಡ್ವಾನ್ಸ್.

ನನಗಿದ್ದ ಚಿಂತೆ ಒಂದೇ, ತೇಗ ಅಂತ ಬೇರೆ ಮರ ಹಾಕಿಬಿಟ್ಟರೆ? ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯಲ್ಲಿ ತುಂಡು ಕೊಟ್ಟು ಪರೀಕ್ಷೆ ಮಾಡಿಸಿದೆ. ಅಸಲಿ ತೇಗವೇ. ಹಿಗ್ಗಿದೆ. ಜೋಡಿಸುವ ದಿನ ಮಾತ್ರ ಹೋಗಲಿಲ್ಲ. ಆಫೀಸ್ ಕೆಲಸ, ಇನ್ನೇನು. ಮಂಚ ಬಂದಾಗ ಕಾಲಿನ ಹೊರಮೈಯಲ್ಲಿ ನಾಲಿಗೆಯ ತುದಿ, ಪಕ್ಕದ ಮುಖದಲ್ಲಿ ಗೂಟದ ತಲೆ, ಎಲ್ಲ ಅಜ್ಜಿ ಮಂಚದ ಥರವೇ. ಫೋಟೋ ತೆಗೆದು ಅಣ್ಣನಿಗೂ ಕಳಿಸಿದೆ. ಅದು ನೆನಪಾದರೆ ಈಗಲೂ ಮೈ ಉರಿಯುತ್ತೆ.

ನಾಲ್ಕೇ ತಿಂಗಳಿಗೆ ಕಿರ್ ಕಿರ್ ಶುರು. ಒಂದು ರಾತ್ರಿ ಚಾರ್ಜರ್ ಕೆಳಗೆ ಬಿತ್ತು ಅಂತ ಟಾರ್ಚ್ ಬಿಟ್ಟೆ. ಕಾಲಿಗೂ ಪಟ್ಟಿಗೂ ನಡುವೆ ಸಂದು ಬಿಟ್ಟಿದೆ. ಬೀಗದ ಕೈಯಲ್ಲಿ ಕೆದಕಿದರೆ, ಫೆವಿಕಾಲಲ್ಲಿ ಕಲಸಿ ಮೆತ್ತಿದ್ದ ಮರದ ಪುಡಿ ಉದುರಿತು. ಹೊರಗಿನ ನಾಲಿಗೆಯ ಅಂಚಿಗೆ ಉಗುರು ಹಾಕಿದೆ. ಬಂತು ಸ್ವಾಮಿ, ಕೈಗೇ ಬಂತು! ಬಿಸ್ಕತ್ತಿಗಿಂತ ತೆಳ್ಳಗಿನ ಚಕ್ಕೆ. ಸುಮ್ನೆ ಮೇಲೆ ಅಂಟಿಸಿದ್ದು. ಅದರ ಹಿಂದೆ ಎರಡು ಸ್ಕ್ರೂ ತಲೆ ಹೊಳೀತಾ ಇವೆ. ಗೂಟವೂ ಅಂಟಿಸಿದ್ದೇ. ನಾಲ್ಕು ಕಾಲಿಗೂ ಇದೇ ಕಥೆ.

ನಿಜವಾದ ನಾಲಿಗೆಯಾದರೆ ಹೊರಗೆ ಕಾಣೋದು ಅಡ್ಡ ಕೊಯ್ದ ಮುಖ, ಸೂಜಿ ಚುಚ್ಚಿದಂಥ ತೂತುಗಳು. ಇಲ್ಲಿ ಉದ್ದುದ್ದ ಎಳೆ ಇತ್ತು. ನಾಲ್ಕು ತಿಂಗಳು ಕಣ್ಣೆದುರೇ ಇತ್ತು!

ಫೋನ್ ಮಾಡಿದೆ.

"ಎಸಿ ಹಾಕ್ತೀರಾ ಸಾರ್? ಎಸಿಗೆ ಮರ ಕುಗ್ಗುತ್ತೆ."

ನಮ್ಮ ಮನೇಲಿ ಎಸಿಯೇ ಇಲ್ಲ. ಮರ ಬೇಸಿಗೆಗೆ ಕುಗ್ಗುತ್ತೆ, ಮಳೆಗಾಲಕ್ಕೆ ಹಿಗ್ಗುತ್ತೆ, ಅದು ಅಜ್ಜಿ ಮಂಚಕ್ಕೂ ಆಗಿದ್ದೇ ಅಲ್ವಾ? ಪಟ್ಟಿಯ ತುದಿಗೆ, ಎಳೆಯ ಉದ್ದಕ್ಕೇ ಸ್ಕ್ರೂ ಹೊಡೆದರೆ ಹಿಡಿತ ಕಮ್ಮಿ. ಅಪ್ಪ ಆಚಾರಿಯಾಗಿದ್ದವನಿಗೆ ಇದು ಗೊತ್ತಿಲ್ವಾ?

"ಈಗ ಉಳಿ ಹಿಡಿಯೋರು ಎಲ್ಲಿದ್ದಾರೆ ಸಾರ್? ತೇಗ ತೇಗಾನೇ ತಾನೆ? ಬಿಲ್ಲಲ್ಲಿ ಜಾಯಿಂಟ್ ಅಂತ ಬರೆದಿದೆಯಾ ನೋಡಿ."

ನೋಡಿದೆ. 'ತೇಗದ ಮಂಚ, 1' ಅಂತಷ್ಟೇ ಇದೆ. ಉಳಿ ಹಿಡಿಯೋರು ಇಲ್ಲ ಅಂದರೆ ಇಲ್ಲ ಅನ್ನಬೇಕಿತ್ತು. ಸ್ಕ್ರೂ ಮಂಚವನ್ನೇ ಕಮ್ಮಿ ದುಡ್ಡಿಗೆ ತಗೊಳ್ತಿದ್ದೆ. ಚಕ್ಕೆ ಕೊಯ್ದು, ಅಂಟಿಸಿ, ಉಜ್ಜಿ, ಬಣ್ಣ ಹೊಂದಿಸೋಕೆ ಪಟ್ಟ ಶ್ರಮ ಇದೆಯಲ್ಲ, ಅದೇ ನನಗೆ ತಡೆಯೋಕಾಗ್ತಿಲ್ಲ.

ನೀವು ಮಾಡಿಸೋದಾದರೆ, ಹೇಗೆ ಜೋಡಿಸುತ್ತಾರೆ ಅಂತ ಬಿಲ್ಲಲ್ಲೇ ಬರೆಸಿ. ಅಂಟು ಹಾಕುವ ಮೊದಲು ಹೋಗಿ ನಾಲಿಗೆಯನ್ನು ಕೈಯಲ್ಲಿ ಮುಟ್ಟಿ ನೋಡಿ. ಪಾಲಿಶ್ ಆದಮೇಲೆ ದೇವರೇ ಬಂದರೂ ಗೊತ್ತಾಗಲ್ಲ. "ನಮ್ಮಪ್ಪ" ಅಂತ ಶುರು ಮಾಡಿದರೆ ಎದ್ದು ಬನ್ನಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಇವತ್ತು ಬೆಳಗ್ಗೆ ಆತನ ಮೆಸೇಜು: "ಫ್ರೀಯಾಗಿ ಇನ್ನೊಂದು ಸಲ ಪಾಲಿಶ್ ಹೊಡೆದುಕೊಡ್ತೀನಿ ಸಾರ್, ಎಲ್ಲೂ ಬರೀಬೇಡಿ."

ಹಾಸಿಗೆ ಈಗ ನೆಲದ ಮೇಲಿದೆ.