ಹೆಗಲ ಮೇಲಿನ ಮೂರು ಬಳೆ: ಪ್ಯಾರಾಚೂಟ್ ಸಾಮಾನುಗಳ ಹೋಲಿಕೆ

ಚೌಕದ ಪ್ಯಾರಾಚೂಟ್ ಬಂದ ಮೇಲೆ ಸ್ಕೈಡೈವಿಂಗ್ ಪೂರ್ತಿ ಬದಲಾಯಿತು ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ರೂಪಿಸಿದ ಡೊಮಿನಾ ಜಾಲ್ಬರ್ಟ್ ಹೆಸರೂ ಹಾರುವವರ ಬಾಯಲ್ಲಿ ಇದೆ. ಆ ಗೌರವ ಅವರಿಗೆ ಸಲ್ಲಲೇಬೇಕು. ಆದರೆ ಯಾವುದು ದೊಡ್ಡದು ಅಂತ ನನ್ನನ್ನು ಕೇಳಿದರೆ, ಕೆಟ್ಟ ಪ್ಯಾರಾಚೂಟನ್ನು ಮೈಯಿಂದ ಕಳಚಲು ಹೆಗಲ ಮೇಲೆ ಕೂರುವ ಮೂರು ಸಣ್ಣ ಬಳೆಗಳನ್ನೇ ನಾನು ತೋರಿಸುತ್ತೇನೆ. ಕಾರಣ ಹೇಳುತ್ತೇನೆ.

ಸೇನೆಯಲ್ಲಿದ್ದಾಗ ಆಗ್ರಾದಲ್ಲಿ ನಾನು ಹಾರಿದ್ದು ದುಂಡನೆಯ ಪ್ಯಾರಾಚೂಟಿನಲ್ಲಿ. ಚೌಕದ್ದನ್ನು ಕಲಿತದ್ದು ನಿವೃತ್ತಿಯಾದ ಮೇಲೆ, ಹೊರದೇಶದಲ್ಲಿ. ಈಗ ಮೂಡಿಗೆರೆ ಹತ್ತಿರ ತೋಟದಲ್ಲಿದ್ದೇನೆ. ಇನ್ನು ಹಾರಾಟಕ್ಕೆ ಬೇಡ ಅಂತ ಬದಿಗಿಟ್ಟ ಹಳೆ ಸಾಮಾನುಗಳನ್ನು ಒಂದೊಂದಾಗಿ ಕೂಡಿಸಿಟ್ಟಿದ್ದೇನೆ. ಕಾಫಿ ಕಣ ಖಾಲಿ ಇದ್ದಾಗ ಅಲ್ಲಿ ಹರಡಿ ಮಡಿಸುತ್ತೇನೆ. ಪಲ್ಪರ್ ಮನೆಯ ತೊಲೆಗೆ ಹಗ್ಗದಿಂದ ಹಾರ್ನೆಸ್ (ಹಾರುವವರು ಮೈಗೆ ತೊಡುವ ಪಟ್ಟಿಗಳ ಕವಚ) ಕಟ್ಟಿ, ಕೆಳಗೆ ಹಾಸಿಗೆ ಹಾಕಿ, ನೇತಾಡಿಯೂ ನೋಡುತ್ತೇನೆ. ಅಕ್ಕನ ಮಗಳಿಗೆ ಇದರಲ್ಲಿ ನನ್ನಷ್ಟೇ ಆಸಕ್ತಿ. ಹಗ್ಗ ತಿರುಚುವ ಕೆಲಸ ಅವಳದು.

ಮೊದಲು ಬಿಡುಗಡೆಯ ವಿಷಯ. ಮುಖ್ಯ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದಿದ್ದರೆ ಅದನ್ನು ಮೈಯಿಂದ ಕಳಚಿ, ಆಮೇಲೆ ರಿಸರ್ವ್, ಅಂದರೆ ತುರ್ತಿಗೆಂದು ಇಟ್ಟ ಎರಡನೆಯ ಪ್ಯಾರಾಚೂಟ್, ತೆರೆಯಬೇಕು. ಹಳೆಯ ಕಾಲದಲ್ಲಿ ಇದಕ್ಕೆ ಎರಡೂ ಹೆಗಲ ಮೇಲೆ ಕೇಪ್‌ವೆಲ್ ಎನ್ನುವ ಲೋಹದ ಕೊಂಡಿ ಇತ್ತು. ಮೇಲಿನ ಮುಚ್ಚಳ ಕೆಳಗೆಳೆಯಬೇಕು. ಒಳಗಿನ ತಂತಿ ಉಂಗುರಕ್ಕೆ ಹೆಬ್ಬೆರಳು ತೂರಿಸಬೇಕು. ಎರಡೂ ಕಡೆ ಒಟ್ಟಿಗೆ ಜಗ್ಗಬೇಕು. ಸುಮ್ನೆ ನೇತಾಡುವಾಗ ಇದು ಸಲೀಸು. ಅವಳು ಹಗ್ಗ ತಿರುಚಿ ಬಿಟ್ಟಳು ನೋಡಿ, ಮೈ ಗಿರಗಿರ ತಿರುಗುವಾಗ ಉಂಗುರ ಹುಡುಕುವುದೇ ಒಂದು ಕೆಲಸವಾಯಿತು. ಗಾಳಿಯಲ್ಲಿ ಒಂದು ಕಡೆಯದು ಮೊದಲು ಬಿಟ್ಟರೆ, ಪ್ಯಾರಾಚೂಟ್ ಇನ್ನೊಂದೇ ಹೆಗಲಿಗೆ ಜೋತು ಬೀಳುತ್ತದೆ. ರಿಸರ್ವ್ ಅದಕ್ಕೆ ಸುತ್ತಿಕೊಳ್ಳುವ ಅಪಾಯ ಬೇರೆ.

ಅದೇ ಹಗ್ಗಕ್ಕೆ ಮೂರು ಬಳೆಯ ಹಾರ್ನೆಸ್ ಕಟ್ಟಿದೆವು. ಇದು ಅಮೆರಿಕದ ಬಿಲ್ ಬೂತ್ 1970ರ ದಶಕದ ಮಧ್ಯದಲ್ಲಿ ಮಾಡಿದ್ದು. ದೊಡ್ಡ ಬಳೆಯೊಳಗೆ ನಡುವಿನದು, ಅದರೊಳಗೆ ಸಣ್ಣದು. ಸಣ್ಣ ಬಳೆಯನ್ನು ಹಿಡಿದಿರುವುದು ಒಂದು ದಾರದ ಕುಣಿಕೆ. ಕುಣಿಕೆ ಜಾರದಂತೆ ತಡೆದಿರುವುದು ಒಂದು ಹಳದಿ ಕೇಬಲ್. ಪ್ರತಿ ಬಳೆಯೂ ಸನ್ನೆಗೋಲಿನಂತೆ ಕೆಲಸ ಮಾಡಿ ಭಾರವನ್ನು ಇಳಿಸುತ್ತಾ ಬರುತ್ತದೆ. ಹಾಗಾಗಿ ಮೇಲೆ ಎಷ್ಟು ಭಾರ ಜಗ್ಗಿದರೂ ಕೊನೆಯ ಕುಣಿಕೆಗೆ ತಾಗುವುದು ಅದರ ಸಣ್ಣ ಪಾಲು ಮಾತ್ರ. ಬಲ ಎದೆಯ ಮೇಲಿನ ಒಂದೇ ಹಿಡಿ ಎಳೆದರೆ ಎರಡೂ ಹೆಗಲು ಬಿಡುತ್ತವೆ. ತಿರುಗುತ್ತಿದ್ದಾಗಲೂ ನನ್ನ ಕೈ ನೇರವಾಗಿ ಹಿಡಿಗೇ ಹೋಯಿತು. "ಮಾವ, ಇದ್ರಲ್ಲಿ ಮುರಿಯೋಕೆ ಏನಿದೆ?" ಅಂದಳು ಅವಳು. ಸ್ಪ್ರಿಂಗ್ ಇಲ್ಲ, ಚಿಲಕ ಇಲ್ಲ. ಹದಿನೈದು ವರ್ಷದ ಹುಡುಗಿ ಒಂದು ಸಲ ನೋಡಿ ತಾನೇ ಜೋಡಿಸಿದಳು.

ಚೌಕದ ಪ್ಯಾರಾಚೂಟ್ ಜೊತೆ ಇದಕ್ಕಿರುವ ಸಂಬಂಧ ಇಲ್ಲೇ ಇದೆ. ದುಂಡನೆಯದು ಕೆಟ್ಟರೂ ಸಾಮಾನ್ಯವಾಗಿ ಅಷ್ಟು ಜೋರಾಗಿ ತಿರುಗಿಸುವುದಿಲ್ಲ. ಚೌಕದ್ದು ರೆಕ್ಕೆ. ಅದು ಕೆಟ್ಟರೆ ಮನುಷ್ಯನನ್ನು ಹೊರಕ್ಕೆಸೆದು ರಭಸದಿಂದ ಸುತ್ತಿಸುತ್ತದೆ. ಅಂಥ ಹೊತ್ತಿನಲ್ಲಿ ಒಂದೇ ಕೈಯಲ್ಲಿ ಕಳಚುವ ದಾರಿ ಇಲ್ಲದಿದ್ದರೆ, ಇಷ್ಟು ಜನ ರೆಕ್ಕೆ ನಂಬಿ ಹಾರುತ್ತಿದ್ದರಾ? ನನಗೆ ಅನುಮಾನ.

ಹಾಗಂತ ಹಾರಾಟದ ಸುಖದಲ್ಲಿ ಚೌಕದ್ದಕ್ಕೆ ಸಾಟಿಯಿಲ್ಲ. ದುಂಡನೆಯದರಲ್ಲಿ ಫ್ರಾನ್ಸಿನ ಪಿಯೆರ್ ಲೆಮೊಯ್ನ್ ವಿನ್ಯಾಸದಿಂದ ಬಂದ ಪ್ಯಾರಾ-ಕಮಾಂಡರ್ 1960ರ ದಶಕದ ರಾಜ. ಬಟ್ಟೆಯಲ್ಲಿ ಸೀಳುಗಳನ್ನು ಬಿಟ್ಟು ಗಾಳಿಯನ್ನು ಹಿಂದಕ್ಕೆ ಹರಿಸಿ, ಮುಂದಕ್ಕೆ ಸಾಗುವಂತೆ ಮಾಡಿದ್ದರು. ಗಾಳಿಪಟ ಮಾಡುತ್ತಿದ್ದ ಜಾಲ್ಬರ್ಟ್ 1966ರಲ್ಲಿ ಪೇಟೆಂಟ್ ಪಡೆದದ್ದು ಬೇರೆಯೇ ದಾರಿ. ದಿಂಬಿನ ಕವರುಗಳನ್ನು ಸಾಲಾಗಿ ಹೊಲಿದು ಬಾಯಿ ತೆರೆದಿಟ್ಟಂತೆ. ಓಡುವ ಗಾಳಿ ಒಳನುಗ್ಗಿ ಅದನ್ನು ರೆಕ್ಕೆ ಮಾಡುತ್ತದೆ. ಇಳಿಯುವಾಗ ಎರಡೂ ಬ್ರೇಕ್ ಕೆಳಗೆಳೆದರೆ ವೇಗ ಕರಗಿ ನಿಂತೇ ನೆಲ ಮುಟ್ಟಬಹುದು. ದುಂಡನೆಯದರಲ್ಲಿ ಬಿದ್ದು ಉರುಳಿದ ನನ್ನ ಮಂಡಿಗಳಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತು. ಮೊದಲ ಚೌಕದವು ತೆರೆದುಕೊಳ್ಳುವ ಏಟು ಮಾತ್ರ ಭಯಂಕರ. ಹಗ್ಗಗಳ ಮೇಲೆ ನಿಧಾನವಾಗಿ ಜಾರುವ ಒಂದು ತುಂಡು ಬಟ್ಟೆ, ಸ್ಲೈಡರ್, ಆ ಏಟನ್ನು ಪಳಗಿಸಿತು.

ತೆರೆಯುವ ವಿಧಾನಕ್ಕೆ ಬರೋಣ. ಹಿಂದೆಲ್ಲ ರಿಪ್‌ಕಾರ್ಡ್ ಎಂಬ ಹಿಡಿ ಎಳೆದರೆ, ಮುಖ್ಯ ಪ್ಯಾರಾಚೂಟನ್ನು ಹೊರಗೆಳೆಯುವ ಸ್ಪ್ರಿಂಗ್ ಇರುವ ಪುಟ್ಟ ಪೈಲಟ್ ಚೂಟ್ ಬೆನ್ನಿನಿಂದ ಚಿಮ್ಮುತ್ತಿತ್ತು. ಹೊಟ್ಟೆ ಕೆಳಗಾಗಿ ಬೀಳುವವನ ಬೆನ್ನ ಮೇಲೆ ಗಾಳಿ ಸತ್ತಿರುತ್ತದೆ. ಪೈಲಟ್ ಚೂಟ್ ಕೆಲವೊಮ್ಮೆ ಅಲ್ಲೇ ಕುಣಿಯುತ್ತಾ ನಿಲ್ಲುತ್ತದೆ. ಬೂತ್ ಸ್ಪ್ರಿಂಗ್ ತೆಗೆದು, ಅದನ್ನು ಕೈಯಲ್ಲೇ ಪಕ್ಕದ ಶುದ್ಧ ಗಾಳಿಗೆ ಎಸೆಯುವಂತೆ ಮಾಡಿದರು. ಇದು ಥ್ರೋ-ಔಟ್. ಇದರ ಎದುರಾಳಿ ಪುಲ್-ಔಟ್. ಅದರಲ್ಲಿ ಚೀಲ ಮುಚ್ಚಿರುವ ಪಿನ್ ಕೂಡ ಕೈಯಿಂದಲೇ ಬರುತ್ತದೆ. ಪಿನ್ ಬರದೆ ಪೈಲಟ್ ಚೂಟ್ ಸುಮ್ಮನೆ ಹಿಂದೆ ಎಳೆದಾಡುವ ಪೇಚು ಇಲ್ಲಿಲ್ಲ. ಆದರೆ ಹಿಡಿ ತನ್ನ ಜಾಗದಿಂದ ಕಿತ್ತು ತೇಲಿಹೋದರೆ ಬೆನ್ನ ಹಿಂದೆ ತಡಕಾಡಬೇಕು. ಎರಡನ್ನೂ ಬಳಸಿದ ಮೇಲೆ ನಾನು ಥ್ರೋ-ಔಟ್ ಕಡೆ ನಿಂತೆ. ಕೈಗೆ ದಪ್ಪವಾಗಿ ಸಿಗುತ್ತದೆ, ಚಳಿಯಲ್ಲಿ ಗ್ಲೌಸ್ ಹಾಕಿದ್ದರೂ ಸಿಗುತ್ತದೆ.

ಮುಖ್ಯದ್ದನ್ನು ಕಳಚಿದ ಕೂಡಲೇ ರಿಸರ್ವ್ ತಾನಾಗಿ ತೆರೆಯುವಂತೆ ಮಾಡುವ ಆರ್‌ಎಸ್‌ಎಲ್ (ರಿಸರ್ವ್ ಸ್ಟ್ಯಾಟಿಕ್ ಲೈನ್) ಮತ್ತು ಸ್ಕೈಹುಕ್ ನಡುವೆ ಜಾಸ್ತಿ ಯೋಚಿಸುವ ಅಗತ್ಯವಿಲ್ಲ. ಪೆರ್ರಿ ಸ್ಟೀವನ್ಸ್ ಹೆಸರಿನ ಪಟ್ಟಿಯಿಂದ ಬೆಳೆದ ಆರ್‌ಎಸ್‌ಎಲ್, ಕಳಚಿ ಹೋಗುವ ಮುಖ್ಯ ಪ್ಯಾರಾಚೂಟಿನಿಂದ ರಿಸರ್ವ್ ಪಿನ್ ಎಳೆಸುತ್ತದೆ. ಬೂತ್ ಅವರದೇ ಸ್ಕೈಹುಕ್ ಒಂದು ಹೆಜ್ಜೆ ಮುಂದೆ ಹೋಗಿ, ಆ ಕೆಟ್ಟ ಪ್ಯಾರಾಚೂಟಿನಿಂದಲೇ ರಿಸರ್ವ್ ಚೀಲವನ್ನೂ ಮೇಲಕ್ಕೆತ್ತಿಸುತ್ತದೆ. ಕೊಳ್ಳಲು ಆಗುವವರು ಸ್ಕೈಹುಕ್ ಕೊಳ್ಳಲಿ.

ಹಾರುವವನು ಏನೂ ಎಳೆಯದಿದ್ದರೂ ರಿಸರ್ವ್ ತಾನೇ ತೆರೆಸುವ ಯಂತ್ರ ಸೈಪ್ರೆಸ್. ಅದರ ಬಗ್ಗೆ ನಮ್ಮ ಕಡೆಯವರು ಒಂದು ಮಾತು ತಿಳಿದಿರಬೇಕು. ಜರ್ಮನಿಯ ಹೆಲ್ಮುಟ್ ಕ್ಲೋಥ್ ರೂಪಿಸಿದ ಇದು 1991ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೂ ಮುಂಚಿನ ಸ್ವಯಂಚಾಲಿತ ಸಾಧನಗಳಲ್ಲಿ ಸೋವಿಯತ್ತರ ಕೆಎಪಿ-3 ಗಡಿಯಾರದಂತೆ ಕೀಲಿ ಕೊಡುವ ಯಂತ್ರ. ಸೈಪ್ರೆಸ್ ಪಿನ್ ಎಳೆಯುವುದಿಲ್ಲ, ರಿಸರ್ವ್ ಮುಚ್ಚಿರುವ ಕುಣಿಕೆಯನ್ನೇ ಕತ್ತರಿಸುತ್ತದೆ. ಅನುಭವಿಗಳ ಮಾದರಿಯಲ್ಲಿ ಸುಮಾರು 225 ಮೀಟರ್ ಎತ್ತರದಲ್ಲಿ ಇನ್ನೂ ಸೆಕೆಂಡಿಗೆ 35 ಮೀಟರಿಗಿಂತ ವೇಗವಾಗಿ ಬೀಳುತ್ತಿದ್ದರೆ ಮಾತ್ರ. ಈ ಎತ್ತರವನ್ನು ಅದು ಅಳೆಯುವುದು ಆನ್ ಮಾಡಿದ ಜಾಗದ ಗಾಳಿಯ ಒತ್ತಡದಿಂದ. ಮಂಗಳೂರಿನಲ್ಲಿ ಆನ್ ಮಾಡಿ ಚಾರ್ಮಾಡಿ ಘಾಟಿ ಹತ್ತಿ ಬಂದರೆ ನಾವು ಸುಮಾರು 900 ಮೀಟರ್ ಮೇಲಿರುತ್ತೇವೆ. ಯಂತ್ರದ ಲೆಕ್ಕದಲ್ಲಿ ನೆಲ ಇನ್ನೂ ಕೆಳಗೇ ಇದೆ! ಅದಕ್ಕೇ ಹಾರುವ ಜಾಗಕ್ಕೆ ಬಂದ ಮೇಲೆ ಆಫ್ ಮಾಡಿ ಮತ್ತೆ ಆನ್ ಮಾಡಬೇಕು ಅನ್ನುವ ನಿಯಮ.

ಮೈಸೂರಿನಂಥ ಕಡೆ ಟ್ಯಾಂಡಮ್, ಅಂದರೆ ಬೋಧಕರ ಮೈಗೆ ಕಟ್ಟಿಕೊಂಡು ಒಂದೇ ಪ್ಯಾರಾಚೂಟಿನಲ್ಲಿ, ಹಾರಲು ಆಸೆಪಡುವವರು ಬೂತ್ ಜೊತೆಗೆ ಟೆಡ್ ಸ್ಟ್ರಾಂಗ್ ಹೆಸರನ್ನೂ ನೆನೆಯಬೇಕು. 1980ರ ದಶಕದ ಆರಂಭದಲ್ಲಿ ಇಬ್ಬರೂ ಬೇರೆಬೇರೆಯಾಗಿ ಇದರ ಹಿಂದೆ ಬಿದ್ದಿದ್ದರು.

ಹಳೆ ಹಾರ್ನೆಸ್ ಕೊಳ್ಳುವವರು ಮೊದಲು ಮೂರು ಬಳೆಯನ್ನೇ ಬಿಚ್ಚಿ ನೋಡಿ. ಬಳೆ ಹಿಡಿದಿರುವ ಪಟ್ಟಿ ಗಟ್ಟಿಯಾಗಿದ್ದರೆ ಕೈಯಲ್ಲಿ ತಿರುಚಿ ಮೆದುಮಾಡಿ. ಹಳದಿ ಕೇಬಲ್ ಎಳೆದು ಒರೆಸಿ. ತಯಾರಕರು ತಿಂಗಳಿಗೊಮ್ಮೆ ಇದನ್ನು ಮಾಡಲು ಹೇಳುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ನಾನು ಅದಕ್ಕಿಂತ ಬೇಗಬೇಗ ಮಾಡುತ್ತೇನೆ.