ಎರಡೂವರೆ ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ವ್ಯಾಗನ್‌ಆರ್: 2010–2018ರ ಮಾಡೆಲ್ ಹೇಗಿದೆ, ಕೊಳ್ಳುವಾಗ ಎಲ್ಲಿ ನೋಡಬೇಕು

ಕೈಯಲ್ಲಿ ಎರಡೂವರೆ ಲಕ್ಷ ಇದೆ, ಸಾಲ ಬೇಡ, ಗಾಡಿ ದಾರಿಯಲ್ಲಿ ಕೈಕೊಡಬಾರದು. ಈ ಮೂರೂ ಷರತ್ತಿಗೆ ಒಗ್ಗುವ ಕಾರು ಕರ್ನಾಟಕದ ಮಾರುಕಟ್ಟೆಯಲ್ಲಿ ಹೆಚ್ಚಿಲ್ಲ. ಇರುವುದರಲ್ಲಿ ಮೊದಲು ನೋಡಬೇಕಾದದ್ದು ಮಾರುತಿ ವ್ಯಾಗನ್‌ಆರ್‌ನ ಎರಡನೇ ತಲೆಮಾರು, ಅಂದರೆ 2010ರ ಏಪ್ರಿಲ್‌ನಿಂದ 2018ರ ಕೊನೆಯವರೆಗೆ ಬಂದದ್ದು. ಡಬ್ಬಿಯಂಥ ಆಕಾರ, ತೆಳು ತಗಡು, ಹೈವೇನಲ್ಲಿ ಗಾಳಿ ಬೀಸಿದರೆ ಸ್ವಲ್ಪ ಅಲ್ಲಾಡುತ್ತದೆ. ಆದರೆ ಹತ್ತಿ ಇಳಿಯುವುದು ಸುಲಭ, ವಯಸ್ಸಾದವರು ಮಂಡಿ ಮಡಚಿ ಒದ್ದಾಡಬೇಕಿಲ್ಲ, ರಿಪೇರಿಗೆ ತಾಲ್ಲೂಕು ಕೇಂದ್ರ ದಾಟಿ ಹೋಗಬೇಕಿಲ್ಲ.

ಇದರ ಬಲವೆಲ್ಲ ಇಂಜಿನ್‌ನಲ್ಲಿದೆ. 998 ಸಿಸಿ, ಮೂರು ಸಿಲಿಂಡರ್‌ನ ಕೆ10ಬಿ. ಆಲ್ಟೊ ಕೆ10, ಸೆಲೆರಿಯೊಗಳಲ್ಲೂ ಇದೇ ಇಂಜಿನ್ ಇದ್ದುದರಿಂದ ಪಾರ್ಟ್ಸ್ ಎಲ್ಲ ಕಡೆ ಸಿಗುತ್ತವೆ, ಇದನ್ನು ಬಿಚ್ಚಿ ಜೋಡಿಸಲು ಬರುವ ಮೆಕ್ಯಾನಿಕ್‌ಗಳೂ ಎಲ್ಲ ಊರಲ್ಲೂ ಇದ್ದಾರೆ. ಹಿಂದಿನ ತಲೆಮಾರಿನ 1061 ಸಿಸಿ ಇಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ (ಇಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ರಬ್ಬರ್ ಪಟ್ಟಿ) ಇತ್ತು, ಅವಧಿ ಮೀರಿದರೆ ತುಂಡಾಗುವ ಭಯ ಇರುತ್ತಿತ್ತು. ಇದರಲ್ಲಿ ಚೈನ್ ಇದೆ. ಚೈನ್ ಎಂದರೆ ಮರೆತುಬಿಡಬಹುದು ಎಂದಲ್ಲ. ಅದು ಬದುಕುವುದೇ ಇಂಜಿನ್ ಆಯಿಲ್ ಮೇಲೆ. ಹತ್ತು ಸಾವಿರ ಕಿಲೋಮೀಟರ್‌ಗೊಮ್ಮೆ, ಅಷ್ಟು ಓಡದಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದ ಗಾಡಿಯಲ್ಲಿ ಒಂದೂವರೆ ಲಕ್ಷ ಕಿಲೋಮೀಟರ್ ದೊಡ್ಡ ವಿಷಯವಲ್ಲ. ಆಯಿಲ್ ಬದಲಿಸದೆ ಬರೀ ಟಾಪ್‌ಅಪ್ ಮಾಡಿಕೊಂಡು ಓಡಿಸಿದ ಗಾಡಿ ಎಪ್ಪತ್ತು ಸಾವಿರಕ್ಕೇ ಗರಗರ ಅನ್ನಲು ಶುರುಮಾಡಿರುತ್ತದೆ.

ವರ್ಷದ ಆಯ್ಕೆಯಲ್ಲಿ ಒಂದು ಲೆಕ್ಕ ತಪ್ಪಬಾರದು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. 2010, 2011ರ ಗಾಡಿಗಳು ಅಗ್ಗಕ್ಕೆ ಸಿಗುತ್ತಿರುವುದರ ಹಿಂದೆ ಇದೇ ಕಾರಣ. ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್) ಮಾಡಿಸಿ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕವೇ 5,000 ರೂಪಾಯಿ, ಮೇಲೆ ಗ್ರೀನ್ ಟ್ಯಾಕ್ಸ್. ಎಫ್‌ಸಿಗೆ ಮುನ್ನ ಲೈಟು, ಬ್ರೇಕು, ಟಯರ್, ಪೇಂಟ್ ಎಂದು ಇನ್ನಷ್ಟು ದುಡ್ಡು ಕೈಬಿಡುತ್ತದೆ. ಇಷ್ಟಾದರೂ ಸಿಗುವುದು ಐದು ವರ್ಷ ಮಾತ್ರ. ಹಾಗಾಗಿ 2013ರಿಂದ 2016ರ ನಡುವಿನದನ್ನು ಹುಡುಕುವುದೇ ಜಾಣತನ. ಎರಡು ಲಕ್ಷದ ಆಸುಪಾಸಿನಿಂದ ಮೂರು ಲಕ್ಷದವರೆಗೆ ಈ ವರ್ಷಗಳದ್ದು ಸಿಗುತ್ತದೆ. ಬೆಂಗಳೂರಿಗಿಂತ ಜಿಲ್ಲಾ ಕೇಂದ್ರಗಳಲ್ಲಿ ಸಲ ಸಲಕ್ಕೂ ಕಡಿಮೆ ಎಂದೇನಿಲ್ಲ. ಮಾರುತಿಗೆ ಎಲ್ಲ ಕಡೆ ಗಿರಾಕಿ ಇದ್ದೇ ಇರುತ್ತದೆ.

ಮಾಡೆಲ್‌ಗಳಲ್ಲಿ ವಿಎಕ್ಸ್‌ಐ ಪೆಟ್ರೋಲ್ ಮ್ಯಾನುಯಲ್ ತೆಗೆದುಕೊಳ್ಳಿ. ಎಲ್‌ಎಕ್ಸ್‌ಗೆ ಪವರ್ ಸ್ಟೀರಿಂಗ್ ಇಲ್ಲ, ಎಲ್‌ಎಕ್ಸ್‌ಐ ಪರವಾಗಿಲ್ಲ. ಆಟೋಮ್ಯಾಟಿಕ್ ಅಂದರೆ ಎಎಮ್‌ಟಿ 2015ರ ಕೊನೆಯಲ್ಲಿ ಬಂತು. ಓಡಿಸಲು ಆರಾಮ, ಆದರೆ ಅದರಲ್ಲಿ ಕ್ಲಚ್, ಗೇರ್ ಬದಲಿಸುವ ಆಕ್ಚುಯೇಟರ್ ಕೆಟ್ಟರೆ ನಿಮ್ಮ ಬಜೆಟ್ಟೂ ಅಲ್ಲೇ ಕೆಡುತ್ತದೆ. ಡ್ಯುಯೋ ಎಂಬ ಎಲ್‌ಪಿಜಿ ಗಾಡಿ ಬಿಟ್ಟುಬಿಡಿ. ಸಿಎನ್‌ಜಿ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು, ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಆಗಬೇಕಾದ ಹೈಡ್ರೋ ಟೆಸ್ಟ್‌ನ (ನೀರಿನ ಒತ್ತಡದ ಪರೀಕ್ಷೆ) ಸರ್ಟಿಫಿಕೇಟ್ ಇರಬೇಕು. ಕಿಟ್ ತೆಗೆಸಿದ್ದೇವೆ ಎನ್ನುವವರ ಗಾಡಿಯಲ್ಲಿ ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ, ನೆಲಕ್ಕೆ ಕೊರೆದ ತೂತುಗಳು ಹಾಗೇ ಇರುತ್ತವೆ, ಅಲ್ಲಿಂದಲೇ ತುಕ್ಕು ಹತ್ತುತ್ತದೆ.

ಸುರಕ್ಷತೆಯ ವಿಷಯದಲ್ಲಿ ಈ ಕಾರಿಗೆ ಹೊಗಳಿಕೆ ಸಲ್ಲುವುದಿಲ್ಲ. ದೇಶದಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಡ್ರೈವರ್ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೂ ಮೊದಲಿನ ವ್ಯಾಗನ್‌ಆರ್‌ಗಳಲ್ಲಿ ಬಹುಪಾಲಿನಲ್ಲಿ ಎರಡೂ ಇಲ್ಲ. ದುಡ್ಡು ಕೊಟ್ಟು ಆ ಆಯ್ಕೆ ತೆಗೆದುಕೊಂಡವರ ವಿಎಕ್ಸ್‌ಐ ಅಪರೂಪಕ್ಕೆ ಸಿಗುತ್ತದೆ, ಸಿಕ್ಕರೆ ಹದಿನೈದು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ವಾರವಾರ ಹೈವೇನಲ್ಲಿ ಸಂಸಾರ ಕೂರಿಸಿಕೊಂಡು ಹೋಗುವವರು ಈ ಒಂದು ಕಾರಣಕ್ಕೆ ಬೇರೆ ಕಾರು ನೋಡಿದರೆ ತಪ್ಪೇನಿಲ್ಲ.

ಇದೇ ದುಡ್ಡಿಗೆ ಸ್ವಿಫ್ಟ್ ಬೇಕೆಂದರೆ ಎರಡು ಮೂರು ವರ್ಷ ಹಳೆಯದು, ಹೆಚ್ಚು ಓಡಿದ್ದು ಬರುತ್ತದೆ. ಸ್ವಿಫ್ಟ್ ಡೀಸೆಲ್‌ನ ಟರ್ಬೊ, ಇಂಜೆಕ್ಟರ್ ಖರ್ಚು ಈ ಬಜೆಟ್‌ಗೆ ಆಗುವಂಥದ್ದಲ್ಲ. ಹ್ಯುಂಡೈ ಐ10 ಒಳಗಡೆ ಇದಕ್ಕಿಂತ ಚೆನ್ನಾಗಿದೆ, ಕೊಳ್ಳುವುದಾದರೆ ಚೈನ್ ಇರುವ 1.2 ಕಪ್ಪಾ ಇಂಜಿನ್ನಿನದು, ಬೆಲ್ಟ್ ಇರುವ 1.1 ಬೇಡ. ಇನ್ನೊಂದು ಸಣ್ಣ ಲಾಭ: 1000 ಸಿಸಿ ಒಳಗಿರುವುದರಿಂದ ವ್ಯಾಗನ್‌ಆರ್‌ಗೆ ಥರ್ಡ್ ಪಾರ್ಟಿ ವಿಮೆ 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ ವರ್ಷಕ್ಕೆ 2,094 ರೂಪಾಯಿ ಮತ್ತು ತೆರಿಗೆ, ಸ್ವಿಫ್ಟ್‌ನ 1.2ಕ್ಕೆ 3,416.

ಎರಡೂವರೆ ಲಕ್ಷವನ್ನೂ ಗಾಡಿಗೇ ಸುರಿಯಬೇಡಿ. ಗಾಡಿಗೆ ಹೆಚ್ಚೆಂದರೆ 2.10 ಲಕ್ಷ, ಉಳಿದ ನಲವತ್ತು ಸಾವಿರ ಟ್ರಾನ್ಸ್‌ಫರ್, ವಿಮೆ ಮತ್ತು ಮೊದಲ ತಿಂಗಳ ಕೆಲಸಕ್ಕೆ. ಈ ನಲವತ್ತು ಸಾವಿರ ಇಲ್ಲದೆ ಕೊಂಡವರ ಗಾಡಿಯೇ ಆರು ತಿಂಗಳಿಗೆ ಮತ್ತೆ ಮಾರಾಟಕ್ಕೆ ಬರುವುದು.

ಗಾಡಿ ನೋಡಲು ಬೆಳಗ್ಗೆಯೇ ಹೋಗಿ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಎತ್ತಿ ಇಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಲೆಕ್ಕ. ತಣ್ಣಗಿದ್ದರೆ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಕಪ್ಪಗಿದ್ದರೆ ಚಿಂತೆಯಿಲ್ಲ, ಡಾಂಬರಿನಂತೆ ದಪ್ಪಗಿದ್ದರೆ ಚಿಂತೆ. ಆಯಿಲ್ ಮುಚ್ಚಳದ ಒಳಗೆ ಕಾಫಿ ಬಣ್ಣದ ಕೆನೆ ಕಟ್ಟಿದ್ದು, ಕೂಲೆಂಟ್‌ನಲ್ಲೂ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್‌ನಲ್ಲಿ ಆಯಿಲ್, ಕೂಲೆಂಟ್ ಬೆರೆಯದಂತೆ ತಡೆಯುವ ಪದರ) ಹೋಗಿದೆ, ಅಲ್ಲಿಂದ ವಾಪಸ್ ಬನ್ನಿ.

ಈಗ ಸ್ಟಾರ್ಟ್ ಮಾಡಿಸಿ, ನೀವು ಬಾನೆಟ್ ಹತ್ತಿರವೇ ನಿಂತಿರಿ. ಕೀ ಆನ್ ಮಾಡಿದಾಗ ಚೆಕ್ ಇಂಜಿನ್ ಲೈಟ್ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಬಲ್ಬ್ ತೆಗೆದಿದ್ದಾರೆ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಆ ಲೈಟಿಗೂ ಇದೇ ಪರೀಕ್ಷೆ. ಮೊದಲ ಒಂದೆರಡು ಸೆಕೆಂಡು ಚೈನ್ ಸದ್ದು ಬಂದು ನಿಂತರೆ ಸರಿ, ನಿಲ್ಲದೆ ಮುಂದುವರಿದರೆ ಚೈನ್ ಮತ್ತು ಅದನ್ನು ಬಿಗಿಯಾಗಿಡುವ ಟೆನ್ಷನರ್ ಸವೆದಿವೆ. ಸೈಲೆನ್ಸರ್‌ನಿಂದ ಚಳಿಗೆ ಬಿಳಿ ಆವಿ ಬರುವುದು ಸಹಜ, ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಐದು ನಿಮಿಷ ಆದ ಮೇಲೆ ಆಯಿಲ್ ಮುಚ್ಚಳ ಬಿಚ್ಚಿ. ಸಣ್ಣಗೆ ಗಾಳಿ ಬರುವುದು ಇದ್ದದ್ದೇ, ರೈಲಿನಂತೆ ಭುಸಭುಸ ಹೊಗೆ ಉಗುಳಿದರೆ ರಿಂಗ್, ಪಿಸ್ಟನ್ ಸವೆದಿವೆ. ಮೂರು ಸಿಲಿಂಡರ್ ಆದ್ದರಿಂದ ಐಡಲ್‌ನಲ್ಲಿ ಸ್ವಲ್ಪ ನಡುಕ ಇದ್ದೇ ಇರುತ್ತದೆ. ಡ್ಯಾಶ್‌ಬೋರ್ಡೇ ಕುಣಿಯುತ್ತಿದ್ದರೆ ಇಂಜಿನ್ ಮೌಂಟಿಂಗ್ ಹೋಗಿವೆ. ಎಸಿ ಹಾಕಿದಾಗ ಆರ್‌ಪಿಎಮ್ ಏರಿಳಿದು ಆಫ್ ಆಗುವಂತಾದರೆ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿರುವುದೇ ಹೆಚ್ಚು, ಕ್ಲೀನ್ ಮಾಡಿದರೆ ಸರಿಹೋಗುತ್ತದೆ. ಚೌಕಾಸಿಗೆ ಇದೊಳ್ಳೆ ಕಾರಣ.

ಬಾಡಿ ನೋಡುವಾಗ ಪೇಂಟಿನ ಹೊಳಪಿಗೆ ಮರುಳಾಗಬೇಡಿ. ಬಂಪರ್, ಫೆಂಡರ್, ಒಂದು ಬಾಗಿಲು ಪೇಂಟ್ ಆಗಿರುವುದು ಹತ್ತು ವರ್ಷದ ಗಾಡಿಯಲ್ಲಿ ಮಾಮೂಲು. ನೋಡಬೇಕಾದದ್ದು ಹೆಡ್‌ಲೈಟ್‌ಗಳ ಹಿಂದೆ ಅಡ್ಡ ಹಾಯುವ ಕೋರ್ ಸಪೋರ್ಟ್ ಪಟ್ಟಿ ಮತ್ತು ಇಂಜಿನ್‌ನ ಎರಡೂ ಪಕ್ಕದ ಆಪ್ರಾನ್ ಎಂಬ ಒಳತಗಡು. ಕಂಪನಿ ವೆಲ್ಡಿಂಗ್ ಆದರೆ ಸಮ ಅಂತರದಲ್ಲಿ ದುಂಡನೆಯ ಚುಕ್ಕಿಗಳು ಸಾಲಾಗಿ ಕಾಣುತ್ತವೆ. ಆ ಚುಕ್ಕಿಗಳ ಜಾಗದಲ್ಲಿ ಗ್ರೈಂಡಿಂಗ್ ಗೆರೆ, ಉಬ್ಬಿದ ವೆಲ್ಡಿಂಗ್, ಬೆರಳಲ್ಲಿ ಬಳಿದಂತಿರುವ ಸೀಲಂಟ್ ಕಂಡರೆ ಮುಂಭಾಗ ಚೆನ್ನಾಗಿ ಗುದ್ದಿದೆ. ಫೆಂಡರ್ ಬೋಲ್ಟ್‌ಗಳ ಮೂಲೆಯಲ್ಲಿ ಪೇಂಟ್ ಎದ್ದಿದ್ದರೆ ಸ್ಪ್ಯಾನರ್ ಬಿದ್ದಿದೆ ಎಂದರ್ಥ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಗುಂಡಿಯ ತಗಡು ಸುಕ್ಕಾಗಿದೆಯೇ ನೋಡಿ. ಮಂಗಳೂರು, ಉಡುಪಿ ಕಡೆಯ ಗಾಡಿಯಾದರೆ ಬಾಗಿಲುಗಳ ತಳ, ರನ್ನಿಂಗ್ ಬೋರ್ಡ್, ಸೈಲೆನ್ಸರ್ ಕಡೆ ತುಕ್ಕು ನೋಡಲೇಬೇಕು. ನೀರಲ್ಲಿ ಮುಳುಗಿದ ಗಾಡಿಗೆ ಸೀಟ್‌ಬೆಲ್ಟ್ ಪೂರ್ತಿ ಎಳೆದು ನೋಡುವುದೇ ಸುಲಭದ ಪರೀಕ್ಷೆ. ಒಳಗೆ ಸುತ್ತಿಕೊಂಡಿರುವ ಭಾಗವನ್ನು ಯಾರೂ ತೊಳೆದಿರುವುದಿಲ್ಲ, ಕೆಸರಿನ ಕಲೆ ಅಲ್ಲಿ ಉಳಿದಿರುತ್ತದೆ.

ಓಡಿಸುವಾಗ ರೇಡಿಯೊ ಆಫ್, ಕಿಟಕಿ ಇಳಿಸಿ. ನಾಲ್ಕನೇ ಗೇರಿನಲ್ಲಿ 35–40ರ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕ್ಲಚ್ ಪೆಡಲ್ ಗಟ್ಟಿಯಾಗಿದ್ದರೆ ಬರೀ ಕೇಬಲ್ ಇರಬಹುದು, ಅದು ಅಗ್ಗ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿ, ಕಟಕಟ ಬಂದರೆ ಡ್ರೈವ್ ಶಾಫ್ಟ್ ಜಾಯಿಂಟ್. ಹಂಪ್ ಮೇಲೆ ಮುಂದಿನಿಂದ ಧಡ್ ಎನ್ನುವುದು ಈ ಕಾರಿನ ಹಳೇ ರೋಗ: ಲೋವರ್ ಆರ್ಮ್ ಬುಷ್, ಲಿಂಕ್ ರಾಡ್ ಅಥವಾ ಶಾಕ್ ಮೇಲಿನ ಮೌಂಟ್. ಎಲೆಕ್ಟ್ರಿಕ್ ಸ್ಟೀರಿಂಗ್ ಒಂದು ಕಡೆ ಭಾರ, ಇನ್ನೊಂದು ಕಡೆ ಹಗುರ ಅನಿಸಿದರೆ ಅಥವಾ ಅದರ ಎಚ್ಚರಿಕೆಯ ಇಪಿಎಸ್ ಲೈಟ್ ಉರಿಯುತ್ತಿದ್ದರೆ ಹುಷಾರು, ಉಳಿದ ರಿಪೇರಿಗಳಿಗಿಂತ ಅದು ದುಬಾರಿ.

ಹೊರಗಿನ ಗ್ಯಾರೇಜಿನ ಸುಮಾರು ಲೆಕ್ಕ ಹೀಗೆ: ಕ್ಲಚ್ ಸೆಟ್ ಕೂಲಿ ಸೇರಿ ಆರರಿಂದ ಎಂಟು ಸಾವಿರ, ಎರಡೂ ಲೋವರ್ ಆರ್ಮ್ ಮೂರರಿಂದ ನಾಲ್ಕು, ಮುಂದಿನ ಶಾಕ್ ಜೋಡಿ ಐದಾರು ಸಾವಿರ, ಎಸಿ ಕೂಲಿಂಗ್ ಕಾಯಿಲ್ ಲೀಕಾದರೆ ಆರೆಂಟು, 14 ಇಂಚಿನ ನಾಲ್ಕು ಟಯರ್‌ಗೆ ಹದಿನೈದರ ಹತ್ತಿರ. ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟಯರ್ ಮೇಲಿನ ಗೀರು ಎಷ್ಟು ಆಳ ಇದ್ದರೂ ಆರು ವರ್ಷ ದಾಟಿದ ಟಯರನ್ನು ಬದಲಿಸುವ ಲೆಕ್ಕಕ್ಕೇ ಹಾಕಿ.

ಕಂಪನಿ ಹೇಳಿದ ಮೈಲೇಜ್ ಲೀಟರ್‌ಗೆ ಮೊದಲು 18.9 ಕಿಲೋಮೀಟರ್, ಆಮೇಲೆ 20.5. ಊರೊಳಗೆ ಎಸಿ ಹಾಕಿ 13–15, ಹೈವೇನಲ್ಲಿ ಎಂಬತ್ತು ದಾಟದಿದ್ದರೆ 18–19 ನಿರೀಕ್ಷಿಸಿ. ಇಪ್ಪತ್ತು ಪರ್ಸೆಂಟ್ ಎಥನಾಲ್ ಇರುವ ಈಗಿನ ಪೆಟ್ರೋಲ್‌ಗೆಂದು ಮಾಡಿದ ಗಾಡಿಯಲ್ಲ ಇದು, ಮೈಲೇಜ್ ಸ್ವಲ್ಪ ಇಳಿಯುತ್ತದೆ, ಫ್ಯುಯಲ್ ಪೈಪ್‌ನ ರಬ್ಬರ್ ಬಿರುಕು ಬಿಟ್ಟಿದೆಯೇ ಎಂದು ಸರ್ವೀಸಿನಲ್ಲಿ ನೋಡಿಸುತ್ತಿರಿ.

ಮೀಟರ್ ನಂಬಬೇಡಿ. ಅಧಿಕೃತ ಸರ್ವೀಸ್ ಸೆಂಟರ್‌ಗಳಲ್ಲಿ ಮಾಡಿಸಿದ ಸರ್ವೀಸಿನ ದಾಖಲೆ ಗಾಡಿ ನಂಬರಿನ ಮೇಲೆ ಕಂಪ್ಯೂಟರಿನಲ್ಲಿ ಇರುತ್ತದೆ, ಮಾಲೀಕರನ್ನೇ ಕರೆದುಕೊಂಡು ಹೋಗಿ ತೆಗೆಸಿ. 2019ರಲ್ಲಿ 82,000 ಇದ್ದದ್ದು ಇವತ್ತು 61,000 ತೋರಿಸುತ್ತಿದ್ದರೆ ಮಾತೇ ಬೇಡ. ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್ (ಗಾಡಿಯ ನೋಂದಣಿ ವಿವರದ ಪ್ರತಿ) ತೆಗೆಸಿದರೆ ಎಷ್ಟನೇ ಓನರ್, ಸಾಲ ಇದೆಯೇ, ಹಿಂದೆ ಯೆಲ್ಲೋ ಬೋರ್ಡ್ ಆಗಿತ್ತೇ ಎಲ್ಲ ಗೊತ್ತಾಗುತ್ತದೆ. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಬ್ಯಾಂಕ್ ಎನ್‌ಒಸಿ ಮತ್ತು ಸಹಿ ಆದ ಫಾರಂ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಅರ್ಜಿ) ಕೈಗೆ ಬರಬೇಕು. 2019ರ ಏಪ್ರಿಲ್‌ಗೆ ಮೊದಲಿನ ಗಾಡಿಯಾದ್ದರಿಂದ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಹಾಕಿಸಿದ್ದಾರೆಯೇ, ಟ್ರಾಫಿಕ್ ದಂಡ ಬಾಕಿ ಎಷ್ಟಿದೆ ನೋಡಿ. ಬೆಂಗಳೂರು ಗಾಡಿಯ ಮೇಲೆ ಸಾವಿರಾರು ರೂಪಾಯಿ ದಂಡ ಕೂತಿರುವುದು ಹೊಸತೇನಲ್ಲ. ದಿಲ್ಲಿ ಗಾಡಿ ಅಗ್ಗ ಎಂದು ಬ್ರೋಕರ್ ಹೇಳಿದರೆ, ಎನ್‌ಒಸಿ, ಇಲ್ಲಿನ ಮರುನೋಂದಣಿ, ವಯಸ್ಸಿಗೆ ತಕ್ಕ ಜೀವಿತಾವಧಿ ತೆರಿಗೆ ಸೇರಿಸಿ ಲೆಕ್ಕ ಹಾಕಿ. ಉಳಿತಾಯ ಅಲ್ಲೇ ಕರಗುತ್ತದೆ.

ನಗದಿನಲ್ಲಿ ವ್ಯವಹಾರ ಮಾಡುವವರು ತಿಳಿದಿರಲಿ: ಆದಾಯ ತೆರಿಗೆ ಕಾನೂನಿನಂತೆ ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ, ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಹಾಗಾಗಿ ಟೋಕನ್ ಐದು ಸಾವಿರ ಬಿಟ್ಟು ಉಳಿದದ್ದನ್ನು ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹಾಕಿ, ಬ್ರೋಕರ್ ಖಾತೆಗೆ ಬೇಡ. ಹೆಸರು ಬದಲಾವಣೆಗೆ ಬೇಕಾದ ಫಾರಂ 29 ಎರಡು ಪ್ರತಿ, ಫಾರಂ 30, ಗುರುತಿನ ಪ್ರತಿ, ತಾರೀಖು ಮತ್ತು ಗಂಟೆ ಬರೆದ ಡೆಲಿವರಿ ನೋಟ್ ಕೈಗೆ ಬಂದ ಮೇಲೆ ಪೂರ್ತಿ ಹಣ. ಟ್ರಾನ್ಸ್‌ಫರ್ ಅರ್ಜಿಗೆ ಕೊಂಡವರಿಗೆ 30 ದಿನ ಗಡುವು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ, ಮಾರಿದವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ.

ಗಾಡಿ ಮನೆಗೆ ಬಂದ ವಾರವೇ ಇಂಜಿನ್ ಆಯಿಲ್, ಫಿಲ್ಟರ್‌ಗಳು, ಕೂಲೆಂಟ್, ಬ್ರೇಕ್ ಆಯಿಲ್, ಸ್ಪಾರ್ಕ್ ಪ್ಲಗ್ ಎಲ್ಲ ಹೊಸದು ಹಾಕಿಸಿ, ಹಿಂದಿನವರು ಮಾಡಿಸಿದ್ದೇವೆ ಎಂದರೂ ಸರಿ. ಇಂಜಿನ್ ಆಯಿಲ್ 5ಡಬ್ಲ್ಯೂ-30, ಸುಮಾರು ಮೂರು ಲೀಟರ್ ಬೇಕು. ಹಿಂದಿನ ಡ್ರಮ್ ಬಿಚ್ಚಿಸಿ ಬ್ರೇಕ್ ಶೂ ನೋಡಿಸಿ, ಫ್ಯಾನ್ ಬೆಲ್ಟ್ ಹಳೆಯದಾಗಿದ್ದರೆ ಬದಲಿಸಿ. ಸಸ್ಪೆನ್ಷನ್ ಕೆಲಸ ಮುಗಿದ ಮೇಲೆಯೇ ವೀಲ್ ಅಲೈನ್‌ಮೆಂಟ್, ಅದಕ್ಕೂ ಮೊದಲು ಮಾಡಿಸಿದರೆ ದುಡ್ಡು ದಂಡ.